ಕುಂಬಾರ ಓಣಿಗೂ ಫೀ ಕೊಡೋಣ

ಬೆಂಗಳೂರಿನಲ್ಲಿ ಈಗ ಶನಿವಾರ, ಭಾನುವಾರ ಬಂದರೆ ಮಣ್ಣು ಮುಟ್ಟುವ ಹುಮ್ಮಸ್ಸು. ಸಾಫ್ಟ್‌ವೇರ್ ಕೆಲಸದವರು ಏಪ್ರನ್ ಕಟ್ಟಿಕೊಂಡು ಕರೆಂಟಿನ ತಿಗರಿ ಮುಂದೆ ಕೂತು, ಒಂದು ಸೊಟ್ಟ ಬಟ್ಟಲು ಮಾಡಿ ಫೋಟೊ ಹಾಕುತ್ತಾರೆ. ನಗುವಂಥದ್ದೇನಿಲ್ಲ, ದಿನವಿಡೀ ಕಂಪ್ಯೂಟರ್ ಕುಟ್ಟಿದ ಬೆರಳಿಗೆ ಹಸಿಮಣ್ಣಿನ ತಂಪು ಬೇಕೆನಿಸಿದರೆ ತಪ್ಪೇನು? ಆ ಫೋಟೊ ನೋಡಿದ ನಮ್ಮ ಕಡೆಯ ಹುಡುಗ ಹುಡುಗಿಯರೂ ಕೇಳುತ್ತಾರೆ, ರಾಯಚೂರಲ್ಲಿ ಇಂಥ ಕ್ಲಾಸ್ ಎಲ್ಲಿದೆ ಎಂದು. ಕರಾಟೆ, ಅಬಾಕಸ್, ಡ್ರಾಯಿಂಗ್ ಕಲಿಸುವ ಬೋರ್ಡುಗಳು ಓಣಿಗೊಂದು ಕಣ್ಣಿಗೆ ಬೀಳುತ್ತವೆ. ಕುಂಬಾರರಿಗೆ ಬೋರ್ಡು ಹಾಕುವ ರೂಢಿ ಇಲ್ಲ.

ಬೋರ್ಡು ಇಲ್ಲದಿದ್ದರೇನು, ಕಲಿಸಬಲ್ಲವರು ಇದ್ದಾರೆ. ರಾಯಚೂರು, ಮಾನ್ವಿ, ದೇವದುರ್ಗ ಯಾವ ಊರಿನ ಸಂತೆಗೆ ಹೋದರೂ ಬೇಸಿಗೆಯಲ್ಲಿ ಹರವಿ, ಗಡಿಗೆ, ಮಗಿ ಒಟ್ಟಿಕೊಂಡು ಕೂತವರು ಸಿಗುತ್ತಾರೆ. ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಫ್ರಿಜ್ ಇದ್ದ ಮನೆಯವರೂ ಒಂದು ಹರವಿ ಒಯ್ಯುತ್ತಾರೆ. ಯುಗಾದಿ ಬೇವಿಗೆ ಹೊಸ ಗಡಿಗೆ ಬೇಕು, ಮದುವೆಗೆ ಐರಣಿ ಬೇಕು, ದೀಪಾವಳಿಗೆ ಪಣತಿ ಬೇಕು. ಕೊಳ್ಳುವಾಗ ಬೆರಳಿನಿಂದ ಬಾರಿಸಿ ಸಪ್ಪಳ ಕೇಳುತ್ತೇವೆ, ಹತ್ತು ರೂಪಾಯಿ ಕಮ್ಮಿ ಮಾಡಿ ಎನ್ನುತ್ತೇವೆ. ಇದನ್ನು ಮಾಡಿದ್ದು ಹೇಗೆ ಎಂದು ಕೇಳುವುದಿಲ್ಲ.

ಕೇಳಿದರೆ ಮೊದಲ ಪಾಠ ತಿಗರಿಯದಲ್ಲ, ಮಣ್ಣಿನದು. ನಮ್ಮ ಎರೆಮಣ್ಣು ಒಣಗಿದರೆ ಬಿರಿಯುತ್ತದೆ. ಮೇ ತಿಂಗಳ ಹೊಲ ಕಂಡವರಿಗೆ ಅದನ್ನು ಹೇಳಬೇಕಿಲ್ಲ. ಅದರಲ್ಲಿನ ಸುಣ್ಣದ ಹರಳು ಇನ್ನೊಂದು ಕಾಟ. ಒಂದೇ ಹರಳು ಉಳಿದರೂ ಸುಟ್ಟ ಮೇಲೆ ಗಾಳಿಯ ತೇವ ಹೀರಿ ಉಬ್ಬಿ, ಗಡಿಗೆಯ ಮೈಯಿಂದ ಚಕ್ಕೆ ಎಬ್ಬಿಸುತ್ತದೆ. ಅದಕ್ಕೇ ಕೆರೆಯ ಗೋಡು ಹುಡುಕುವುದು, ಒಣಗಿಸಿ ಕುಟ್ಟಿ ಜರಡಿ ಹಿಡಿಯುವುದು, ಬೂದಿಯನ್ನೋ ಲದ್ದಿಯನ್ನೋ ಬೆರೆಸಿ ಹದ ಬರುವ ತನಕ ತುಳಿಯುವುದು. ಪಾಕೀಟಿನಲ್ಲಿ ಬರುವ ಸ್ಟುಡಿಯೊ ಮಣ್ಣಿಗೆ ಈ ಯಾವ ಗೋಜೂ ಇಲ್ಲ, ಹಾಗಾಗಿ ಕಲಿಯುವವರಿಗೆ ಈ ಪಾಠವೂ ಇಲ್ಲ.

ಗಡಿಗೆಯ ಗುಂಡನೆಯ ಹೊಟ್ಟೆ ತಿಗರಿಯ ಮೇಲೆ ಆಗುವುದಿಲ್ಲ ಎಂದರೆ ಬಹಳ ಮಂದಿ ನಂಬಲಿಕ್ಕಿಲ್ಲ. ದಾರದಿಂದ ಕೊಯ್ದು ಇಳಿಸಿದಾಗ ಅದು ದಪ್ಪ ಗೋಡೆಯ, ತಳವಿಲ್ಲದ ಮೋಟು ಪಾತ್ರೆ. ತುಸು ಆರಿದ ಮೇಲೆ ಒಳಗೆ ಗುಂಡುಕಲ್ಲು ಆನಿಸಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತ ತಟ್ಟುತ್ತ ಗೋಡೆ ತೆಳುವಾಗಿಸಬೇಕು, ತಳ ಕೂಡಿಸಬೇಕು, ಹೊಟ್ಟೆ ಬರಿಸಬೇಕು. ಒಂದು ಪೆಟ್ಟು ಜೋರಾದರೆ ತೂತು. ಕಣ್ಣಿಗಿಂತ ಕಿವಿಗೆ ಕೆಲಸ ಹೆಚ್ಚು. ಗಡಿಗೆ ಬಾರಿಸಿ ಶಿವನನ್ನೇ ಕುಣಿಸಿದ ಕುಂಬಾರ ಗುಂಡಯ್ಯನ ಮೇಲೆ ಹರಿಹರ ಒಂದು ರಗಳೆಯನ್ನೇ ಬರೆದ. ಈ ತಟ್ಟುವಿಕೆಯನ್ನು ಅರ್ಧ ತಾಸು ಪಕ್ಕದಲ್ಲಿ ಕೂತು ಕೇಳಿದವರಿಗೆ ಆ ಕಥೆ ಉತ್ಪ್ರೇಕ್ಷೆ ಅನಿಸುವುದಿಲ್ಲ.

ತಿಗರಿ ಸಿಗಲಿಲ್ಲವೆಂದು ಕೈಚೆಲ್ಲುವ ಕಾರಣವೂ ಇಲ್ಲ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ 1952ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆಸಿದಾಗ ಸಿಕ್ಕ ನವಶಿಲಾಯುಗದ ಮಡಕೆಗಳು ಬಹುತೇಕ ಕೈಯಿಂದಲೇ ಮಾಡಿದವು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಮಗು ಆಗಲೇ ಒಂದನೇ ಕ್ಲಾಸು ಮುಗಿಸಿದೆ.

ಸರ್ಕಾರ ಈ ಕಸುಬನ್ನು ಮರೆತಿಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ. ಅಂದರೆ ಕುಂಬಾರರಿಗೆ ಕಲಿಸಲು ವ್ಯವಸ್ಥೆ ಉಂಟು. ಅವರಿಂದ ಕಲಿಯುವ ಮನಸ್ಸು ಊರಿನವರಾದ ನಮಗೆ ಬರಬೇಕು.

ಹೋಗುವವರು ಹಬ್ಬದ ಹಿಂದಿನ ವಾರ, ಆವಿಗೆ ಒಟ್ಟುವ ದಿನ ಹೋಗಬೇಡಿ. ಮಧ್ಯಾಹ್ನ ಕೆಲಸ ತುಸು ಸಡಿಲಾದಾಗ ಹೋಗಿ, ‘ಯಜಮಾನ್ರ, ನನಗೂ ಕಲಿಸ್ತೀರೇನ್ರಿ?’ ಎಂದು ಕೇಳಿ. ಒಪ್ಪಿದರೆ ಫೀ ಎಷ್ಟೆಂದು ಮೊದಲೇ ಮಾತಾಡಿ. ಬೆಂಗಳೂರಿನ ಸ್ಟುಡಿಯೊದಲ್ಲಿ ಚೌಕಾಸಿ ಮಾಡದವರು ಇಲ್ಲೂ ಮಾಡಬಾರದು. ಬೇಸಿಗೆ ಶಿಬಿರ ನಡೆಸುವ ಶಾಲೆಗಳು, ಸಂಘಗಳು ಈ ಸಲ ಒಬ್ಬ ಕುಂಬಾರರನ್ನೋ, ಹಲಗೆ ಹಿಡಿದು ತಟ್ಟಬಲ್ಲ ಅವರ ಮನೆಯ ಹೆಣ್ಣುಮಗಳನ್ನೋ ಕರೆಯಲಿ. ಕರಾಟೆ ಮಾಸ್ತರರಿಗೆ ಕೊಡುವಷ್ಟೇ ಗೌರವಧನ ಕೊಡಲಿ. ಏಪ್ರಿಲ್, ಮೇ ಅವರ ಹರವಿ ಮಾರುವ ಕಾಲ, ಕಳೆದುಕೊಂಡ ವ್ಯಾಪಾರದ ಹಣವನ್ನೂ ಅದರ ಮೇಲೆ ಸೇರಿಸಿ ಕೊಡಲಿ.