ಜಿಲೇಬಿ ಮೀನಿನ ಬಾಯಿ



ಹೋದ ಭಾನುವಾರ ಮೈಸೂರಿನ ನಮ್ಮ ಬಡಾವಣೆಯ ಅಂಗಡಿಯಿಂದ ಜಿಲೇಬಿ ಮೀನು ತಂದಿದ್ದೆ. ತೊಳೆಯುವಾಗ ಒಂದು ಮೀನಿನ ಬಾಯಿಂದ ಸಾಸಿವೆಗಿಂತ ತುಸು ದಪ್ಪನೆಯ ಹಳದಿ ಮೊಟ್ಟೆಗಳು ಉದುರಿದವು. ಮಗಳು ಕೇಳಿದಳು: "ಅಮ್ಮ, ತನ್ನ ಮೊಟ್ಟೆ ತಾನೇ ತಿಂತಿತ್ತಾ?"

ತಿನ್ನುತ್ತಿರಲಿಲ್ಲ, ಕಾಯುತ್ತಿತ್ತು. ಈ ಮೀನು ಆಗ್ನೇಯ ಆಫ್ರಿಕಾದ ನದಿಗಳದ್ದು. ಮೊಜಾಂಬಿಕ್ ತಿಲಾಪಿಯಾ ಎಂದು ಹೆಸರು. 1952ರಲ್ಲಿ ಭಾರತಕ್ಕೆ ತಂದರು. ಗಂಡು ನೀರಿನ ತಳದಲ್ಲಿ ಗುಳಿ ತೋಡುತ್ತದೆ. ಅಲ್ಲಿಟ್ಟ ಮೊಟ್ಟೆಗಳನ್ನು ಹೆಣ್ಣು ಬಾಯಿಗೆ ತುಂಬಿಕೊಳ್ಳುತ್ತದೆ. ಮೊಟ್ಟೆ ಒಡೆದು ಮರಿ ಈಜುವವರೆಗೆ, ಹೆಚ್ಚುಕಡಿಮೆ ಎರಡು ವಾರ, ತಾಯಿಗೆ ಊಟವಿಲ್ಲವೆಂದೇ ಹೇಳಬೇಕು. ಹೊರಬಿಟ್ಟ ಮರಿಗಳೂ ಅಪಾಯ ಕಂಡರೆ ಅದೇ ಬಾಯಿಗೆ ನುಗ್ಗುತ್ತವೆ.

ಆ ಮೀನನ್ನು ಅಂದು ಸಾರು ಮಾಡಿ ಉಂಡೆವು, ಮುಚ್ಚಿಡುವುದಿಲ್ಲ. ಉಣ್ಣುವಾಗ ಮೆತ್ತ ಸುತ್ತದ ತಾಯಿ ನೆನಪಾದಳು.

ಆದರೆ ಇದೇ ಮೀನು ಕೆರೆ ತುಂಬ ಮರಿಮಾಡಿ, ಊರ ಮೀನುಗಳ ಮೇವು, ಜಾಗ ಕಸಿಯುತ್ತದೆ. ಬೇರೆ ಮೀನಿನ ಮೊಟ್ಟೆ, ಮರಿ ಸಿಕ್ಕರೆ ನುಂಗುತ್ತದೆ. ತನ್ನ ಮರಿಗೆ ಗೂಡಾದ ಬಾಯಿಯೇ ಇನ್ನೊಂದರ ಮರಿಗೆ ಸಾವು. ಮೀನಿನ ತಪ್ಪಲ್ಲ, ಅದಕ್ಕೆ ಶೀಲವಿಲ್ಲ, ಆಯ್ಕೆಯಿಲ್ಲ. ನಮಗಿದೆ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನ ಚವದಾರ್ ಕೆರೆಯ ನೀರು ಕುಡಿದರು. ದನಕರು ಕುಡಿಯುತ್ತಿದ್ದ ನೀರನ್ನು ನಮ್ಮವರಿಗೆ ತಡೆದವರು, ಆಮೇಲೆ ಸಗಣಿ, ಗಂಜಲ ಸುರಿದು 'ಶುದ್ಧಿ' ಮಾಡಿದವರು, ಮನೆಯಲ್ಲಿ ಮಕ್ಕಳನ್ನು ಮುದ್ದಿಸುವ ತಂದೆತಾಯಿಯರೇ. ತನ್ನವರ ಮೇಲಿನ ಪ್ರೀತಿ ಎಷ್ಟೇ ದೊಡ್ಡದಾದರೂ ಅಷ್ಟರಿಂದಲೇ ಮೈತ್ರಿಯಾಗದು. ಸುತ್ತವು ತಾಯಿಯ ಪ್ರೀತಿಯನ್ನು ಅಳತೆಗೋಲಾಗಿ ಕೊಟ್ಟಿದೆ, ಬೇಲಿಯಾಗಿ ಅಲ್ಲ. 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಬಾಬಾಸಾಹೇಬರೂ ಕರುಣೆ ಮನುಷ್ಯರ ಮೇಲಿನ ಪ್ರೀತಿ, ಮೈತ್ರಿ ಸಕಲ ಜೀವಿಗಳ ಮೇಲಿನ ಪ್ರೀತಿ ಎಂದು ಬಿಡಿಸಿ ಹೇಳಿದ್ದಾರೆ.

ಬೇರೆಯವರ ಮಾತು ಸಾಕು. ಧಮ್ಮದೀಕ್ಷೆ ಪಡೆದ ನಾವೇ ಮಕ್ಕಳ ಮದುವೆ ಮಾತು ಬಂದಾಗ ಬಲಗೈಯೋ ಎಡಗೈಯೋ ಎಂದು ವಿಚಾರಿಸುತ್ತೇವೆ. "ಅವರು ನಮ್ಮವರಾ?" ಎಂಬ ಪ್ರಶ್ನೆ ನನ್ನ ಬಾಯಿಂದಲೂ ಒಮ್ಮೆ ಬಂದಿದೆ. ಮಗಳು ಪಕ್ಕದಲ್ಲೇ ಇದ್ದಳು.

ಇಂದಿನ ಅಭ್ಯಾಸ: 'ನಮ್ಮವರು' ಎಂಬ ಮಾತು ನಾಲಿಗೆಗೆ ಬಂದಾಗಲೆಲ್ಲ ಒಂದು ಉಸಿರು ನಿಲ್ಲೋಣ. ಅದರ ಹೊರಗೆ ಯಾರನ್ನು ಬಿಟ್ಟೆವು ಎಂದು ಕೇಳಿಕೊಳ್ಳೋಣ.

ಭವತು ಸಬ್ಬ ಮಂಗಲಂ.