ಬೆಲೆ ಕೇಳದ ಕೊಡುಗೆಗೆ ಋಣವಿದೆಯೇ?

ಅಂಗಡಿಯಲ್ಲಿ ಕೊಂಡ ವಸ್ತುವಿಗೆ ನಾವು ಬೆಲೆ ತೆರುತ್ತೇವೆ. ಅಲ್ಲಿಗೆ ಲೆಕ್ಕ ಚುಕ್ತಾ. ಆದರೆ ಬೆಲೆಯನ್ನೇ ಕೇಳದೆ ಯಾರೋ ಕೊಟ್ಟದ್ದನ್ನು ವರ್ಷಗಟ್ಟಲೆ ಬಳಸಿದಾಗ ಲೆಕ್ಕ ಮುಗಿಯುವುದು ಹೇಗೆ? ಕೊಟ್ಟವರ ಮುಖ ನಾವು ಕಂಡಿಲ್ಲ. ಅವರಲ್ಲಿ ಹೆಚ್ಚಿನವರು ನಮ್ಮ ದೇಶದವರೂ ಅಲ್ಲ. ಅವರಿಗೆ ನಾವು ಏನನ್ನಾದರೂ ಸಲ್ಲಿಸಬೇಕಾಗಿದೆಯೇ? ಈ ಹಳೆಯ ನೈತಿಕ ಪ್ರಶ್ನೆ ಇಂದು ಕಂಪ್ಯೂಟರಿನ ಪರದೆಯ ಮೇಲೆ ಹೊಸದಾಗಿ ಎದ್ದು ನಿಂತಿದೆ.

ಕಂಪ್ಯೂಟರ್ ತೆರೆದೊಡನೆ ಕಾಣುವ ಪರದೆ, ಅದರ ಮೇಲಿನ ಕಿಟಕಿಗಳು, ಮೆನುಗಳು, ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ - ಇವೆಲ್ಲವೂ ಸೇರಿ ಡೆಸ್ಕ್‌ಟಾಪ್ ಎನಿಸಿಕೊಳ್ಳುತ್ತದೆ. ಲಿನಕ್ಸ್ ಬಳಸುವವರಿಗೆ ಇಂತಹ ಎರಡು ಪ್ರಮುಖ ಡೆಸ್ಕ್‌ಟಾಪ್‌ಗಳು ಉಚಿತವಾಗಿ ಸಿಗುತ್ತವೆ. ಒಂದು, 1996ರ ಅಕ್ಟೋಬರ್‌ನಲ್ಲಿ ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಶ್ ಆರಂಭಿಸಿದ ಕೆಡಿಇ. ಇನ್ನೊಂದು, 1997ರ ಆಗಸ್ಟ್‌ನಲ್ಲಿ ಮೆಕ್ಸಿಕೋದ ಮಿಗೆಲ್ ಡಿ ಇಕಾಝಾ ಮತ್ತು ಫೆಡೆರಿಕೋ ಮೆನಾ ಆರಂಭಿಸಿದ ಗ್ನೋಮ್. ಕೆಡಿಇ ಆಧರಿಸಿದ್ದ ಕ್ಯೂಟಿ ಎಂಬ ತಂತ್ರಾಂಶ ಆಗ ಪೂರ್ಣವಾಗಿ ಮುಕ್ತವಾಗಿರಲಿಲ್ಲ. ಎಲ್ಲರ ಮನೆಯನ್ನು ಒಬ್ಬರ ಸ್ವತ್ತಿನ ಮೇಲೆ ಕಟ್ಟಬಾರದೆಂಬ ಆಗ್ರಹದಿಂದಲೇ ಗ್ನೋಮ್ ಹುಟ್ಟಿತು. ಮುಂದೆ ಕ್ಯೂಟಿಯೂ ಮುಕ್ತ ಪರವಾನಗಿಗೆ ಬಂತು. ಇಂತಹ ತಂತ್ರಾಂಶಗಳ ಮೂಲ ಕೋಡ್ ಅನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಬಹುಮಟ್ಟಿಗೆ ಅವುಗಳ ಮುಖ್ಯ ಷರತ್ತು ಒಂದೇ: ತಿದ್ದಿ ಹಂಚುವವನು ತನಗೆ ಸಿಕ್ಕ ಸ್ವಾತಂತ್ರ್ಯವನ್ನು ಮುಂದಿನವನಿಗೂ ಕೊಡಬೇಕು.

ಇದು ನಮಗೆ ಸಂಬಂಧಿಸದ ಸಂಗತಿ ಎನ್ನುವಂತಿಲ್ಲ. ಕನ್ನಡದ ಒತ್ತಕ್ಷರ, ಅರ್ಕಾವತ್ತು, ಗುಣಿತಾಕ್ಷರಗಳು ಪರದೆಯ ಮೇಲೆ ತಮ್ಮ ತಮ್ಮ ಜಾಗದಲ್ಲಿ ಕೂರಬೇಕಾದರೆ ಅವುಗಳನ್ನು ಜೋಡಿಸುವ ತಂತ್ರಾಂಶವೊಂದು ಬೇಕು. ಗ್ನೋಮ್‌ನಲ್ಲಿ ಮಾತ್ರವಲ್ಲ, ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲೂ ಈ ಕೆಲಸ ಮಾಡುವುದು ಹರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ಹೆಸರು ಫಾರ್ಸಿಯಿಂದ ಬಂದದ್ದು. ಹರ್ಫ್ ಎಂದರೆ ಅಕ್ಷರ ಎಂಬುದು ಉರ್ದು ಬಲ್ಲ ಓದುಗರಿಗೆ ತಿಳಿದೇ ಇದೆ. ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ ಬೆಹ್ದಾದ್ ಇಸ್ಫಹ್‌ಬೊದ್ ಇರಾನ್ ಮೂಲದವರು. ಹೀಗೆ ನಮ್ಮ ತಾಯ್ನುಡಿಯ ಅಕ್ಷರ ನೆಟ್ಟಗೆ ನಿಂತಿರುವುದರ ಹಿಂದೆ ಎಲ್ಲೋ ದೂರದವರ ದುಡಿಮೆ ಇದೆ. ಕೇರಳದ ಸರಕಾರಿ ಶಾಲೆಗಳಲ್ಲಿ ಮುಕ್ತ ತಂತ್ರಾಂಶವೇ ಬಳಕೆಯಲ್ಲಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಗು ಕಂಪ್ಯೂಟರ್ ಕಲಿಯುವುದೂ ಈ ಕೊಡುಗೆಯ ಮೇಲೆಯೇ.

ಇಲ್ಲೊಂದು ಆಕ್ಷೇಪವಿದೆ. ಕೊಟ್ಟವರು ತಾವಾಗಿಯೇ ಕೊಟ್ಟರು, ನಮ್ಮಿಂದ ಏನನ್ನೂ ಕೇಳಲಿಲ್ಲ, ಹಾಗಿರುವಾಗ ಋಣವೆಲ್ಲಿಂದ ಬಂತು? ಮೇಲಾಗಿ, ಈ ಕೋಡ್ ಬರೆಯುವವರಲ್ಲಿ ಎಷ್ಟೋ ಮಂದಿಗೆ ಕಂಪನಿಗಳು ಸಂಬಳ ಕೊಡುತ್ತವೆ. ಆಕ್ಷೇಪ ನ್ಯಾಯವಾದದ್ದೇ. ಕಾನೂನಿನ ಪ್ರಕಾರ ಸುಮ್ಮನೆ ಬಳಸುವವನ ಮೇಲೆ ಯಾವ ಬಾಧ್ಯತೆಯೂ ಇಲ್ಲ. ದಿನವಿಡೀ ದುಡಿದು ಮನೆಸಾಲ ತೀರಿಸುತ್ತಿರುವ ಯುವಕನಿಗೆ ‘ರಾತ್ರಿ ನಿದ್ದೆಗೆಟ್ಟು ಪುಕ್ಕಟೆಯಾಗಿ ಕೋಡ್ ಬರೆ’ ಎನ್ನುವ ಹಕ್ಕು ನಮಗೆ ಯಾರಿಗೂ ಇಲ್ಲ. ದಾನವನ್ನು ಒತ್ತಾಯಿಸಿ ಪಡೆದರೆ ಅದು ದಾನವಾಗಿ ಉಳಿಯುವುದೂ ಇಲ್ಲ.

ಆದರೆ ಪ್ರಶ್ನೆ ಕೊಟ್ಟವರಿಗೆ ಏನು ಹಿಂದಿರುಗಿಸಬೇಕು ಎಂಬುದಲ್ಲ. ಕೊಟ್ಟ ವಸ್ತು ಉಳಿಯುವುದು ಹೇಗೆ ಎಂಬುದು. ನಮ್ಮ ನಾಡಿನ ಕೆರೆಗಳನ್ನು ನೆನೆದರೆ ಈ ವ್ಯತ್ಯಾಸ ತಿಳಿಯುತ್ತದೆ. ಬೆಂಗಳೂರಿನ ಉತ್ತರಕ್ಕೆ, ವಿದ್ಯಾರಣ್ಯಪುರದ ಬಳಿ ಸಿಂಗಾಪುರ ಎಂಬ ಊರಿದೆ. ಒಂದು ಕಾಲದ ಹಳ್ಳಿ ಈಗ ನಗರದ ಬಡಾವಣೆಯಾಗಿದೆ. ಸಾಫ್ಟ್‌ವೇರ್ ಕೆಲಸಕ್ಕೆ ಹೋಗುವವರ ಮನೆಗಳೂ ಅಲ್ಲಿವೆ, ಒಂದು ಕೆರೆಯೂ ಇದೆ. ಇಂತಹ ಕೆರೆಗಳನ್ನು ಕಟ್ಟಿಸಿದವರ ಹೆಸರು ಕೆಲವೊಮ್ಮೆ ಶಾಸನದಲ್ಲಿ ಸಿಗುತ್ತದೆ. ಆದರೆ ಅವು ಶತಮಾನಗಳ ಕಾಲ ಉಳಿದದ್ದು ತೂಬು ತೆರೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರುಗಂಟಿಯಿಂದ, ಬೇಸಿಗೆಯಲ್ಲಿ ಹೂಳೆತ್ತಿದ ಊರವರಿಂದ. ನೀರುಗಂಟಿಗೆ ಸುಗ್ಗಿಯಲ್ಲಿ ಧಾನ್ಯದ ಪಾಲು ಸಲ್ಲುತ್ತಿತ್ತು. ಆದ್ದರಿಂದ ಕೂಲಿ ಪಡೆದವನ ಸೇವೆ ಸೇವೆಯಲ್ಲ ಎನ್ನುವಂತಿಲ್ಲ. ಹೂಳೆತ್ತುವ ಪದ್ಧತಿ ನಿಂತಾಗ ಕೆರೆಯನ್ನು ಯಾರೂ ಕದಿಯಬೇಕಾಗಿರಲಿಲ್ಲ, ಅದು ತಾನಾಗಿಯೇ ತುಂಬಿಹೋಯಿತು.

ತಂತ್ರಾಂಶಕ್ಕೂ ನೀರುಗಂಟಿ ಬೇಕು. 2024ರ ಮಾರ್ಚ್‌ನಲ್ಲಿ ಜಗತ್ತಿಗೆ ಇದರ ಅರಿವಾಯಿತು. ಲಿನಕ್ಸ್ ಲೋಕದಲ್ಲಿ ಎಲ್ಲೆಡೆ ಬಳಕೆಯಾಗುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶವನ್ನು ಬಹುಮಟ್ಟಿಗೆ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ಅವರು ಬಳಲಿದ್ದಾಗ, ಕೆಲಸ ನಿಧಾನವಾಯಿತೆಂದು ಕೆಲವರು ಮೇಲಿಂದ ಮೇಲೆ ದೂರಿದರು. ಇನ್ನೊಬ್ಬ ಸಹಾಯಕನ ವೇಷದಲ್ಲಿ ಬಂದು ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿದು, ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲು ಇಟ್ಟ. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ತಮ್ಮ ಕೆಲಸದಲ್ಲಿ ಸುಮಾರು ಅರ್ಧ ಸೆಕೆಂಡಿನ ವಿಳಂಬವನ್ನು ಕಂಡು ಬೆನ್ನು ಹತ್ತಿದ್ದರಿಂದ ದೊಡ್ಡ ಅನಾಹುತ ತಪ್ಪಿತು. ಉಪಯೋಗಿಸಿದವರು ಅಸಂಖ್ಯ, ಕಾವಲಿಗಿದ್ದವರು ಒಬ್ಬರು. ಅವರಿಗೂ ಸಿಕ್ಕಿದ್ದು ದೂರು. ಉಚಿತವಾಗಿ ಪಡೆದವನು ಕೊಟ್ಟವನನ್ನೇ ಗದರುವುದು ಯಾವ ನ್ಯಾಯ?

ನಮ್ಮ ಬೆಂಗಳೂರು ಈ ಲೋಕಕ್ಕೆ ಹೊಸದಲ್ಲ. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಇಲ್ಲಿ ಆರಂಭವಾಗಿ, 2005ರಲ್ಲಿ ‘ಫಾಸ್ ಡಾಟ್ ಇನ್’ ಎಂಬ ಹೆಸರು ಪಡೆಯಿತು. ಭಾರತೀಯರು ಬಳಸುವುದರಲ್ಲೇ ತೃಪ್ತರಾಗದೆ ಕೊಡುವವರೂ ಆಗಬೇಕೆಂದು ಅದರ ಸಂಘಟಕರಾಗಿದ್ದ, 2013ರಲ್ಲಿ ತೀರಿಕೊಂಡ ಅತುಲ್ ಚಿಟ್ನಿಸ್ ಒತ್ತಿ ಹೇಳುತ್ತಿದ್ದರು. ಗ್ನೋಮ್‌ನ ಏಷ್ಯಾ ಸಮ್ಮೇಳನ 2011ರಲ್ಲೂ 2024ರಲ್ಲೂ ಇದೇ ನಗರದಲ್ಲಿ ನಡೆಯಿತು. ಆದರೂ ಕನ್ನಡದ ಮಟ್ಟಿಗೆ ಈ ಕೆಲಸ ನಿಂತಿರುವುದು ಕೆಲವೇ ಸ್ವಯಂಸೇವಕರ ಹೆಗಲ ಮೇಲೆ. ಗ್ನೋಮ್ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಹೊರತರುತ್ತದೆ. ಪ್ರತಿ ಸಲವೂ ಹೊಸ ಸಾಲುಗಳು ಸೇರುತ್ತವೆ, ಹಳೆಯವು ಬದಲಾಗುತ್ತವೆ. ಅವನ್ನು ಅನುವಾದಿಸುವವರು ಬರದಿದ್ದರೆ ಕನ್ನಡದ ಮೆನುವಿನ ನಡುವೆ ಇಂಗ್ಲಿಷ್ ತಲೆಹಾಕುತ್ತದೆ. ಯಾರೂ ಕನ್ನಡವನ್ನು ಅಲ್ಲಿಂದ ಓಡಿಸಿದ್ದಲ್ಲ. ಹೂಳೆತ್ತುವವರು ಬರಲಿಲ್ಲ, ಅಷ್ಟೆ.

ಬಲ್ಲವನ ಹೊಣೆ ಅವನ ಬಲದಷ್ಟು. ಕೋಡ್ ಬಲ್ಲವರು ಒಂದು ದೋಷವನ್ನು ಸರಿಪಡಿಸಬಹುದು. ಈ ತಂತ್ರಾಂಶಗಳಿಂದ ಲಾಭ ಗಳಿಸುವ ಕಂಪನಿಗಳು ತಮ್ಮ ಎಂಜಿನಿಯರುಗಳ ಸಮಯದ ಒಂದು ಪಾಲನ್ನು ಇದಕ್ಕೆ ಬಿಟ್ಟುಕೊಡಬಹುದು. ಅವುಗಳ ಹೊಣೆಯೇ ಎಲ್ಲರಿಗಿಂತ ದೊಡ್ಡದು. ಕೋಡ್ ಬಾರದ ಕನ್ನಡ ಮೇಷ್ಟರು, ಕಾಲೇಜು ವಿದ್ಯಾರ್ಥಿಗಳು ವಾರಕ್ಕೆ ಹತ್ತು ಸಾಲು ಅನುವಾದಿಸಬಹುದು, ತಪ್ಪು ಕಂಡಲ್ಲಿ ಸೌಜನ್ಯದಿಂದ ತಿಳಿಸಬಹುದು. ಯಾವುದೂ ಆಗದವರು, ದುಡಿಯುತ್ತಿರುವವರ ಮೇಲೆ ಹರಿಹಾಯದೆ ಇರಬಹುದು. ಕೊಟ್ಟವರಿಗೆ ಇದರಿಂದ ಏನೂ ಸಂದಾಯವಾಗುವುದಿಲ್ಲ ನಿಜ. ಆದರೆ ನಮಗೆ ಸಿಕ್ಕಿದ್ದು ನಮ್ಮ ನಂತರ ಬರುವ ಮಗುವಿಗೂ ಕೆಡದೆ ಸಿಗುತ್ತದೆ.