ರಾಜಿಗೆ ಜಾಮೀನು ಯಾರು?

ಗಂಡನ ಹೊಡೆತ ತಾಳಲಾರದೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ ಹೆಣ್ಣಿಗೆ ನಾವು ಮೊದಲು ಕೇಳುವ ಪ್ರಶ್ನೆ, ‘ಅಲ್ಲಿಯವರೆಗೆ ಹೋಗಬೇಕಿತ್ತೇ?’ ಎಂಬುದು. ಎಷ್ಟು ವರ್ಷ ತಾಳಿಕೊಂಡಳೆಂದು ಕೇಳುವವರು ಕಡಿಮೆ. ಜಮಾತಿನ ಹಿರಿಯರಿರಲಿ, ಊರ ಪಂಚಾಯ್ತಿಯವರಿರಲಿ, ಬಾಯಲ್ಲಿ ಬರುವುದು ಒಂದೇ ಮಾತು: ಮಕ್ಕಳ ಮುಖ ನೋಡಿ ರಾಜಿಯಾಗು. ಸಬರ್ ದೊಡ್ಡ ಗುಣ, ನಿಜ. ಆದರೆ ಹೊಡೆಸಿಕೊಂಡವಳಿಂದ ಮಾತ್ರ ಅದನ್ನು ಕೇಳಿ, ಹೊಡೆದವನನ್ನು ಬಿಟ್ಟುಬಿಟ್ಟರೆ ಆ ಗುಣವೇ ಅವಳಿಗೆ ಶಿಕ್ಷೆಯಾಗುತ್ತದೆ.

ನಮ್ಮ ಹಾಸನ ಜಿಲ್ಲೆಯ ಎರಡು ಸಾವುಗಳನ್ನು ನಾವು ಮರೆಯುವಂತಿಲ್ಲ. 2022ರ ಆಗಸ್ಟ್‌ನಲ್ಲಿ ಹೊಳೆನರಸೀಪುರದ ನ್ಯಾಯಾಲಯದಲ್ಲಿ ಸಮಾಲೋಚನೆ ನಡೆದು, ದಂಪತಿ ಮತ್ತೆ ಕೂಡಿ ಬಾಳಲು ಒಪ್ಪಿದ್ದರು. ಸ್ವಲ್ಪ ಹೊತ್ತಿನಲ್ಲೇ, ಅದೇ ಆವರಣದಲ್ಲಿ, ಹೆಂಡತಿಯ ಕತ್ತು ಕೊಯ್ಯಲಾಯಿತು. 2024ರ ಜುಲೈ 1ರಂದು ಗಂಡನ ಮೇಲೆ ದೂರು ಹೇಳಲು ಹಾಸನದ ಎಸ್‌ಪಿ ಕಚೇರಿಗೆ ಬಂದ ಹೆಣ್ಣುಮಗಳು ಅಲ್ಲೇ ಇರಿತಕ್ಕೊಳಗಾಗಿ ಪ್ರಾಣ ಬಿಟ್ಟಳು. ಎರಡೂ ಪ್ರಕರಣಗಳಲ್ಲಿ ಕೊಲೆ ಆರೋಪದ ಮೇಲೆ ಬಂಧಿತರಾದವರು ಗಂಡಂದಿರು. ಎರಡನೆಯವನು ಸ್ವತಃ ಪೊಲೀಸ್ ಕಾನ್‌ಸ್ಟೇಬಲ್. ದೂರು ಕೊಟ್ಟ ಮಾತ್ರಕ್ಕೆ ಅಪಾಯ ಕಳೆಯುವುದಿಲ್ಲ. ಹೆಂಡತಿ ಕೈತಪ್ಪಿ ಹೋಗುತ್ತಾಳೆಂದು ಅನ್ನಿಸಿದ ಗಳಿಗೆಯಲ್ಲೇ ಅದು ಹೆಚ್ಚಬಹುದು.

ಆ ಜುಲೈ 1ರಂದೇ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಹಳೆಯ 498ಎ ಕಲಮು ಅದರಲ್ಲಿ 85 ಮತ್ತು 86 ಆಗಿದೆ. ದೂರು ಕೊಟ್ಟ ಕೂಡಲೇ ಗಂಡನಿಗೆ ಬೇಡಿ ಬೀಳುತ್ತದೆಂದು ಆಕೆಯೂ ನಿರೀಕ್ಷಿಸಬಾರದು, ಅವಳನ್ನು ದೂರುವವರೂ ಹೆದರಬೇಕಿಲ್ಲ. 2014ರ ಅರ್ನೇಶ್ ಕುಮಾರ್ ತೀರ್ಪಿನ ನಂತರ ತಕ್ಕ ಕಾರಣ ದಾಖಲಿಸದೆ ಬಂಧಿಸುವಂತಿಲ್ಲ; ಅನೇಕ ವೇಳೆ ನೋಟಿಸು ಕೊಟ್ಟು ಕಳಿಸುತ್ತಾರೆ. ಆರೋಪ ಬಂದ ಮಾತ್ರಕ್ಕೆ ಯಾರನ್ನೂ ಜೈಲಿಗೆ ತಳ್ಳಬಾರದೆಂಬ ಎಚ್ಚರ ನ್ಯಾಯವಾದದ್ದೇ. ಆದರೆ ದೂರು ಕೊಟ್ಟ ಆ ರಾತ್ರಿ ಆಕೆ ಎಲ್ಲಿ ಮಲಗಬೇಕು?

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಈ ಪ್ರಶ್ನೆಗೆ ಉತ್ತರ ಹುಡುಕಿದೆ. ಗಂಡನ ಮನೆಯಲ್ಲೇ ವಾಸಿಸುವ ಹಕ್ಕು, ಅವನು ಹತ್ತಿರ ಸುಳಿಯದಂತೆ ರಕ್ಷಣಾ ಆದೇಶ, ಜೀವನಾಂಶ, ಮಕ್ಕಳ ಸುಪರ್ದಿ ಅದರಲ್ಲಿವೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ, ಇತ್ಯರ್ಥ 60 ದಿನದೊಳಗೆ ಆಗಬೇಕೆಂದು ಕಾಯ್ದೆ ಹೇಳುತ್ತದೆ. ರಕ್ಷಣಾ ಆದೇಶ ಮೀರಿದವನಿಗೆ 1 ವರ್ಷದವರೆಗೆ ಸೆರೆಯಾಗಬಹುದು. ಎಫ್‌ಐಆರ್ ಪ್ರತಿಗೆ ಹಣ ಕೊಡಬೇಕಿಲ್ಲ. ಕಾನೂನು ಸೇವಾ ಸಮಿತಿಯ ವಕೀಲರಿಗೂ ಶುಲ್ಕವಿಲ್ಲ. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181.

ಕಾಗದದ ಈ ದಿನಗಳು ವಾಯಿದೆಯ ಮೇಲೆ ವಾಯಿದೆ ಬಿದ್ದು ಬೆಳೆಯುತ್ತವೆ. ಅರಕಲಗೂಡಿನ, ಚನ್ನರಾಯಪಟ್ಟಣದ ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳಿಗೆ 2023ರ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನ ಟಿಕೆಟ್ಟು ಉಚಿತವಾಯಿತು. ತಪ್ಪಿಹೋದ ದಿನಗೂಲಿಯನ್ನು ಯಾವ ಯೋಜನೆಯೂ ಕಟ್ಟಿಕೊಡುವುದಿಲ್ಲ. ಈ ಕಾಯುವ ಕಾಲದಲ್ಲೇ ತವರಿನ ಬಾಗಿಲು ಮುಚ್ಚುತ್ತದೆ, ನೆರೆಯವರು ಸಾಕ್ಷಿಗೆ ಹಿಂಜರಿಯುತ್ತಾರೆ. ಸೋತು ಹಿಂದಿರುಗಿದರೆ ಅದನ್ನೇ ರಾಜಿ ಎಂದು ಕರೆಯುತ್ತೇವೆ.

ಹತ್ತು ಸಾವಿರದ ಸಾಲಕ್ಕೆ ಜಾಮೀನು ಹಾಕಲು ನಾವು ನೂರು ಸಲ ಯೋಚಿಸುತ್ತೇವೆ, ಕೊನೆಗೆ ನಾವೇ ತೆರಬೇಕಾದೀತೆಂದು. ಒಂದು ಜೀವವನ್ನು ಅದೇ ಮನೆಗೆ ಕಳಿಸುವಾಗ ಮಾತ್ರ ಯಾರೂ ರುಜು ಹಾಕುವುದಿಲ್ಲ. ರಾಜಿ ಮಾಡಿಸುವವರು ಆ ರಾತ್ರಿಯೂ ಮರುದಿನವೂ ಅವಳ ಬಾಗಿಲು ತಟ್ಟಿ ‘ಹೇಗಿದ್ದೀಯಮ್ಮ?’ ಎಂದು ಕೇಳಲಿ. ಮತ್ತೆ ಕೈಯೆತ್ತಿದರೆ ಅವಳ ಜೊತೆ ಠಾಣೆಗೆ ನಡೆಯಲಿ. ಅಷ್ಟು ಜಾಮೀನು ಕೊಡಲಾರದವರು ಅವಳಿಗೆ ಬುದ್ಧಿ ಹೇಳದಿರುವುದೇ ಲೇಸು.